ಕ್ರಿಸ್‌ಮಸ್‌ಗೆ ಎಲ್ಲರ ಉದ್ರಿ ಮನ್ನಾ ಮಾಡಿದ್ರ ಅದು ಕೃಪೆ ಆಗ್ತದೇನ್ರಿ?

ಕಾರಟಗಿ ಕಿರಾಣಿ:

ಎಲ್ಲರಿಗೂ ಕರ್ತನಲ್ಲಿ ವಂದನೆ. ಕಾರಟಗಿ ಹತ್ರ ಹಳ್ಳಿಯೊಳಗ ಕಿರಾಣಿ ಅಂಗಡಿ. ಉದ್ರಿ ಖಾತೆ ವಿಷಯ, ಅದಕ್ಕ ಲೆಕ್ಕಾನ ಮೊದಲ ಇಡ್ತೀನಿ.

ಒಟ್ಟು 43 ಖಾತೆ, ಬಾಕಿ 61,300 ರೂ. ಅದರಾಗ 32 ಖಾತೆ ಕೂಲಿ ಮಂದೀವು, ಸಣ್ಣ ಸಣ್ಣವು, ಎಲ್ಲಾ ಕೂಡಿದ್ರ 29,000. ಆರು ಮನಿಯವರು ಗುಳೆ ಹೋಗ್ಯಾರ, ಅವರದು 9,800. ಉಳಿದ ಐದು ಖಾತೆ 22,500. ಈ ಐದು ಮಂದಿಗೆ ಕೊಡೋ ತಾಕತ್ತು ಐತಿ, ಕೊಡವಲ್ರು. ಅದರಾಗ ಇಬ್ಬರು ನಮ್ಮ ಚರ್ಚ್ ಸಭೆಯವರೇ, ಒಬ್ಬರಂತೂ ಸಭೆ ಹಿರಿಯರು. ಹೋಲ್‌ಸೇಲ್‌ನವರಿಗೆ ನಾನು ಕೊಡಬೇಕಾದ್ದು 38,000. ಅಂಗಡಿ ಕೆಲಸದವನ ಎರಡು ವಾರದ ಪಗಾರ 3,600 ನಿಂತೈತಿ. ದಿನದ ವ್ಯಾಪಾರ ಸರಾಸರಿ 6,000.

ಬೈಬಲ್‌ದಾಗ ಮತ್ತಾಯ 18ರಾಗ ಅರಸ ಆಳಿನ ಸಾಲ ಬಿಟ್ಟ ಸಾಮ್ಯ (ಯೇಸು ಹೇಳಿದ ಕಥಿ) ಐತಲ್ಲ, ಅದನ್ನ ನಂಬೋದು ಖರೇ ಆದ್ರ ಡಿಸೆಂಬರ್ 25ಕ್ಕ ಖಾತೆ ಪುಸ್ತಕ ಸುಟ್ಟು ಬಿಡಬೇಕು ಅನ್ನೋದು ನನ್ನ ವಿಚಾರ. ಮನಿಯಾಕಿ ಬ್ಯಾಡ ಅಂತಾಳ. ಎಲ್ಲರದೂ ಒಮ್ಮೆಗೇ ಬಿಡಬೇಕಾ, ಆರಿಸಿ ಬಿಟ್ರ ಅದು ಕೃಪೆ ಆಗ್ತದಾ, ಬಿಟ್ಟ ಮ್ಯಾಲ ಮತ್ತ ಉದ್ರಿ ಕೇಳಾಕ ಬಂದ್ರ ಏನು ಮಾಡಬೇಕು? ತಿಳಿದವರು ಹೇಳ್ರಿ. ಬರೀ ವಚನ ಹಾಕಿ ಹೋಗಬ್ಯಾಡ್ರಿ, ಅಂಗಡಿಯೊಳಗ ಹೆಂಗ ಮಾಡೋದು ಅನ್ನೋದು ಬೇಕು.

ಸಿಂಧನೂರು ಲೆಕ್ಕ:

ಅಣ್ಣಾರ, ಪುಸ್ತಕ ಸುಡಬ್ಯಾಡ್ರಿ. ನಿಮ್ಮ ಲೆಕ್ಕದಾಗ ನಡುವ ಒಂದು ಸಾಲು ಅದ, ಅದನ್ನ ನೀವೇ ದಾಟಿ ಹೋಗೀರಿ: ಕೆಲಸದವನ ಪಗಾರ 3,600. ಮೊದಲ ಅದು. ಧರ್ಮೋಪದೇಶಕಾಂಡ 24:15 ಸೂರ್ಯ ಮುಳುಗೋದ್ರೊಳಗ ಕೂಲಿ ಕೊಡು ಅಂತದ, ಯಾಕೋಬ 5:4 ಹಿಡಿದಿಟ್ಟ ಕೂಲಿ ಕೂಗ್ತದ ಅಂತದ. ಅವನ ರೊಕ್ಕ ನಿಂತಿರೋವಾಗ ನೀವು ಊರಿಗೆ ಮನ್ನಾ ಮಾಡಿದ್ರ, ಮನ್ನಾ ಮಾಡಿದವ ಅವನೇ ಆಗ್ತಾನ, ಅವಗ ಗೊತ್ತಿಲ್ದಂಗ.

ಎರಡನೇದು ಹೋಲ್‌ಸೇಲ್ 38,000. ಬಿಡೋ ಹಕ್ಕು ನಿಮಗ ನಿಮ್ಮ ರೊಕ್ಕದ ಮ್ಯಾಲ ಮಾತ್ರ. ಹೋಲ್‌ಸೇಲ್ ಸಾಹುಕಾರನ ರೊಕ್ಕದಾಗ ಕೃಪೆ ಮಾಡೋದು ಸುಲಭ ಅದ, ಆದ್ರ ಅದು ನಿಮ್ಮದಲ್ಲ.

ಈಗ ಹೊರೆ ಎಷ್ಟು ನೋಡ್ರಿ. ಕಿರಾಣಿಯೊಳಗ ನೂರಕ್ಕ ಎಂಟು ಉಳೀತದ ಅಂತ ಹಿಡೀರಿ. 61,300 ಬಾಕಿಯೊಳಗ ನೀವು ಸರಕಿಗೆ ಹಾಕಿದ್ದು ಸುಮಾರು 56,400. ಅದು ತಿರುಗಿ ಬರಬೇಕಾದ್ರ 7,05,000 ರೂಪಾಯಿ ವ್ಯಾಪಾರ ಆಗಬೇಕು. ದಿನಕ್ಕ 6,000ದಂಗ 117 ದಿನ, ಅಂದ್ರ ಹತ್ರ ನಾಲ್ಕು ತಿಂಗಳು. ಅದೂ ಕರೆಂಟು, ಬಾಡಿಗಿ, ಮನಿ ಖರ್ಚು ಯಾವುದನ್ನೂ ಹಿಡೀದೆ. ನಾಲ್ಕು ತಿಂಗಳು ಸರಕು ತರಾಕ ರೊಕ್ಕ ಇಲ್ಲ ಅಂದ್ರ ಅಂಗಡಿ ಮುಚ್ಚತದ. ಆ 32 ಮನಿಯವರು ಆಮ್ಯಾಲ ಉದ್ರಿ ಕೇಳೋದು ಬಡ್ಡಿ ಹಾಕೋ ಅಂಗಡಿಯೊಳಗ.

ತಾರೀಖು ಇಟ್ಟು ಮನ್ನಾ ಮಾಡೋದರಾಗ ಇನ್ನೊಂದು ತೊಡಕು. ಧರ್ಮೋಪದೇಶಕಾಂಡ 15ರಾಗ ಏಳು ವರ್ಷಕ್ಕೊಮ್ಮೆ ಸಾಲ ಬಿಡೋ ನಿಯಮ ಅದಲ್ರೀ, ಅಲ್ಲೇ 9ನೇ ವಚನದಾಗ, ಏಳನೇ ವರ್ಷ ಹತ್ರ ಬಂತು ಅಂತ ಬಡವಗ ಕೊಡೋದು ನಿಲ್ಲಿಸಬ್ಯಾಡ ಅಂತ ಮೋಶೆ ಎಚ್ಚರಿಕೆ ಕೊಟ್ಟಾನ. ಎಚ್ಚರಿಕೆ ಕೊಟ್ರೂ ಮಂದಿ ನಿಲ್ಲಿಸಿದ್ರು. ಕಡೀಕ ಯೇಸುವಿಗಿಂತ ಸ್ವಲ್ಪ ಮುಂಚೆ ಹಿಲ್ಲೇಲ್ ಅನ್ನೋ ಯೆಹೂದಿ ಪಂಡಿತ, ಸಾಲಪತ್ರ ನ್ಯಾಯಾಲಯಕ್ಕ ಒಪ್ಪಿಸಿದ್ರ ಏಳನೇ ವರ್ಷ ಬಂದ್ರೂ ಅದು ರದ್ದಾಗಲ್ಲ ಅಂತ ದಾರಿ ಮಾಡಬೇಕಾತು. ನೀವು ಈ ವರ್ಷ ಕ್ರಿಸ್‌ಮಸ್‌ಗೆ ಬಿಟ್ರ, ಮುಂದಿನ ವರ್ಷ ಅಕ್ಟೋಬರ್‌ನಿಂದ ಕೊಡಬೇಕಾದವರೂ ಕೊಡಲ್ಲ. ನೀವೂ ನವೆಂಬರ್‌ದಾಗ ಉದ್ರಿ ಕೊಡಾಕ ಹಿಂದ ಮುಂದ ನೋಡ್ತೀರಿ.

ನನ್ನ ಸಲಹಾ: ಅಂಗಡಿಯಿಂದ ಮನಿ ಖರ್ಚಿಗೆ ತೆಗೆಯೋ ರೊಕ್ಕ ಇರ್ತದಲ್ಲ, ಅದರಾಗ ತಿಂಗಳಿಗೆ 1,500 ಬ್ಯಾರೆ ಡಬ್ಬಿಯೊಳಗ ಇಡ್ರಿ. ಯಾರ ಬಾಕಿ ಬಿಡ್ತೀರೋ ಅಷ್ಟು ರೊಕ್ಕ ಡಬ್ಬಿಯಿಂದ ಗಲ್ಲೆಕ್ಕ ಹಾಕಿ, ಆ ಖಾತೆಗೆ ಜಮಾ ಬರೀರಿ. ಅಂಗಡಿಗೆ ನಷ್ಟ ಇಲ್ಲ, ಹೊತ್ತವರು ನೀವು. 29,000 ಹಿಂಗ ಮುಗಿಯಾಕ 19-20 ತಿಂಗಳು ಹಿಡೀತದ.

ಎರೆಹೊಲ:

ಮೇಲಿನವರ ಲೆಕ್ಕ ಸರಿಯಿದೆ. ಆದರೆ ಪ್ರಶ್ನೆಯೊಳಗೇ ಒಂದು ಗಂಟು ಇದೆ, ಅದನ್ನು ಬಿಚ್ಚದೆ ಡಬ್ಬಿ ಇಟ್ಟರೆ ಅದು ಬರೀ ದಾನವಾಗುತ್ತದೆ.

ಕರ್ತನ ಪ್ರಾರ್ಥನೆಯಲ್ಲಿ ನಾವು ಕನ್ನಡದಲ್ಲಿ 'ತಪ್ಪುಗಳನ್ನು ಕ್ಷಮಿಸು' ಎನ್ನುತ್ತೇವೆ. ಮತ್ತಾಯ 6:12ರ ಗ್ರೀಕ್ ಮೂಲದಲ್ಲಿ ಇರುವ ಪದಕ್ಕೆ ನೇರ ಅರ್ಥ 'ಸಾಲ'. ಲೂಕ 11:4ರಲ್ಲಿ ಮೊದಲ ಅರ್ಧಕ್ಕೆ 'ಪಾಪ' ಎಂದಿದ್ದರೂ, ಎರಡನೇ ಅರ್ಧದಲ್ಲಿ 'ನಮಗೆ ಸಾಲಬಿದ್ದವರು' ಎಂಬ ಮಾತೇ ಬರುತ್ತದೆ. ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರಲು ಕೂತ ಕಾಲದಿಂದ ಈ ಪ್ರಾರ್ಥನೆ ನಮ್ಮ ಸೀಮೆಯಲ್ಲಿ ಕನ್ನಡದಲ್ಲಿದೆ. ಭಾನುವಾರ ಅದನ್ನು ಹೇಳುವಾಗ ನಮ್ಮ ಮನಸ್ಸಿಗೆ ಬರುವುದು ಬೈದವರು, ಜಗಳ ತೆಗೆದವರು. ಖಾತೆ ಪುಸ್ತಕ ಬರುವುದಿಲ್ಲ. ಅದನ್ನು ತಂದುಕೊಂಡಿದ್ದೀರಿ, ಆ ಮಟ್ಟಿಗೆ ಪ್ರಶ್ನೆ ಸರಿಯಾದ ಜಾಗದಲ್ಲಿ ಹುಟ್ಟಿದೆ.

ಮತ್ತಾಯ 18ರ ಅಂಕಿ ನೋಡಿ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಒಂದು ತಲಾಂತಿಗೆ 6,000 ದಿನಾರಿ. ಆಳಿನ ಸಾಲ 10,000 ತಲಾಂತು, ಅಂದರೆ ಆರು ಕೋಟಿ ದಿನದ ಕೂಲಿ. ನಮ್ಮ ಕಡೆ ದಿನಗೂಲಿ 400 ಎಂದು ಹಿಡಿದರೆ 2,400 ಕೋಟಿ ರೂಪಾಯಿ. ಅವನಿಗೆ ಜೊತೆಯಾಳು ಕೊಡಬೇಕಾಗಿದ್ದದ್ದು 100 ದಿನಾರಿ, ಅಂದರೆ 40,000. ಯೇಸುವಿನ ಕಾಲದಲ್ಲಿ ಆಳುತ್ತಿದ್ದ ಹೆರೋದ ಅಂತಿಪನಿಗೆ ಗಲಿಲಾಯ ಮತ್ತು ಪೆರಾಯ ಸೀಮೆಗಳಿಂದ ವರ್ಷಕ್ಕೆ 200 ತಲಾಂತು ಬರುತ್ತಿತ್ತು ಎಂದು ಇತಿಹಾಸಕಾರ ಯೋಸೇಫಸ್ ಬರೆದಿದ್ದಾನೆ. ಹಾಗಿದ್ದರೆ ಆಳಿನ ಸಾಲ ಐವತ್ತು ವರ್ಷದ ಕಂದಾಯ. ಯೇಸು ಬೇಕೆಂದೇ ತೀರಿಸಲಾಗದ ಅಂಕಿ ಹೇಳಿದ್ದಾನೆ. ಆದರೆ 40,000 ಸಣ್ಣದು ಎಂದೂ ಹೇಳಿಲ್ಲ. ಮೂರು ತಿಂಗಳ ದುಡಿಮೆ ಅದು. ಬಿಡುವಾಗ ಹೊಟ್ಟೆ ಉರಿಯುವಷ್ಟು ದೊಡ್ಡದೇ.

ಇನ್ನು ಗಂಟಿಗೆ ಬರೋಣ. ಸಾಮ್ಯದ ಅರಸ ಮಾಡಿದ ಮೊದಲ ಕೆಲಸ ಬಿಡುವುದಲ್ಲ, ಲೆಕ್ಕ ತೆಗೆಸುವುದು (18:23). ಎಷ್ಟು ಅಂತ ಗೊತ್ತಾದ ಮೇಲೆ ಬಿಟ್ಟ. ಲೆಕ್ಕ ಓದದೆ ಪುಸ್ತಕ ಸುಟ್ಟರೆ ಅದು ಕ್ಷಮೆ ಅಲ್ಲ, ತಲೆನೋವು ಕಳೆದುಕೊಳ್ಳುವ ಉಪಾಯ. ಯಾರ ಹೆಸರನ್ನೂ ಹಿಡಿದು ನೀವು ಬಿಟ್ಟಿರುವುದಿಲ್ಲ, ಹಾಗಾಗಿ ಮುಂದೆ ಅವರ ಮುಖ ಕಂಡಾಗಲೆಲ್ಲ ಮನಸ್ಸಿನಲ್ಲಿ ಆ ಪುಟ ತೆರೆದುಕೊಳ್ಳುತ್ತಲೇ ಇರುತ್ತದೆ. ಒಂದೊಂದೇ ಹೆಸರು, ಒಂದೊಂದೇ ಮೊತ್ತ ನೋಡಿ ಬಿಡಬೇಕು.

ಆರಿಸಿ ಬಿಟ್ಟರೆ ಕೃಪೆಯೇ ಎಂದು ಕೇಳಿದ್ದೀರಿ. ಒಬ್ಬರಿಗೆ ಬಿಡುವಾಗ ಪೂರ್ತಿ ಬಿಡಿ, ಆಗ ಹೌದು. ಅರ್ಧ ಬಿಟ್ಟು ಅರ್ಧ ಇಟ್ಟುಕೊಂಡರೆ ಅದಕ್ಕೆ ರಿಯಾಯಿತಿ ಎನ್ನಿ, ಅದೂ ಒಳ್ಳೆಯದೇ, ಆದರೆ ಹೆಸರು ಬದಲಿಸಬೇಡಿ. ನೂರು ರೂಪಾಯಿ 'ನೆನಪಿಗೆ ಇರಲಿ' ಅಂತ ಉಳಿಸಿದರೆ ಆ ಮನುಷ್ಯ ನಿಮ್ಮ ಮುಷ್ಟಿಯಲ್ಲೇ ಇದ್ದಾನೆ.

ಕೊಡಬಲ್ಲ ಐವರ ಮಾತು ಬೇರೆ. ಸಾಮ್ಯ ಇರುವ ಅದೇ 18ನೇ ಅಧ್ಯಾಯದಲ್ಲಿ, ಸಾಮ್ಯಕ್ಕಿಂತ ಮುಂಚೆ, 15ನೇ ವಚನದಿಂದ ಒಂದು ಕ್ರಮ ಇದೆ: ನೀನೂ ಅವನೂ ಇಬ್ಬರೇ ಇರುವಾಗ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆ. ಸಾಮಾನ್ಯವಾಗಿ ಇದು ತಲೆಕೆಳಗಾಗಿ ನಡೆಯುತ್ತದೆ. ಮೊದಲು ಸಭೆಗೆಲ್ಲ ಗೊತ್ತಾಗಿರುತ್ತದೆ, ಕಡೆಗೆ ಆ ಮನುಷ್ಯನಿಗೆ. ಶಕ್ತಿ ಇದ್ದವನ 4,500 ರೂಪಾಯಿ ಕೇಳದೆ ಬಿಡುವುದು ಎಷ್ಟೋ ಸಲ ಕೃಪೆಯಲ್ಲ, ಅಂಜಿಕೆ.

ಕೋಟೆ ಕೆಳಗಿನ ಅಕ್ಕ (ಬಳ್ಳಾರಿ):

ಗಂಡಸರು ಲೆಕ್ಕ, ವಚನ ಎರಡೂ ಹೇಳಿದ್ರಿ. ಬಿಡೋ ಮಾತನ್ನ ಬಾಯಿಂದ ಹೇಗೆ ಹೇಳಬೇಕು ಅನ್ನೋದನ್ನ ಯಾರೂ ಹೇಳಲಿಲ್ಲ. ಕೆಡೋದೇ ಅಲ್ಲಿ.

ಹಳ್ಳಿ ಅಂಗಡಿಗೆ ಬರೋರು ಹೆಚ್ಚಾಗಿ ಹೆಣ್ಣುಮಕ್ಕಳು, ಇಲ್ಲಾಂದ್ರೆ ಮಕ್ಕಳು. ಮಗು ಕೈಲಿ 'ನಿಮ್ಮವ್ವಗ ಬಾಕಿ ಬಿಟ್ಟೀನಿ ಅಂತ ಹೇಳು' ಅಂತ ಕಳಿಸಬೇಡಿ. ಆ ಮಗು ದಾರಿಯಲ್ಲಿ ನಾಲ್ಕು ಮನೆಗೆ ಹೇಳಿಕೊಂಡು ಹೋಗುತ್ತೆ. ಸಂಜೆ ಆರರಿಂದ ಎಂಟು ಅಂಗಡಿ ತುಂಬಿರುತ್ತೆ, ಆಗ ಬೇಡ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ, ಖಾತೆ ಯಾರ ಹೆಸರಿಗಿದೆಯೋ ಅವರಿಗೇ, ಪುಟ ತೋರಿಸಿ ಹೇಳಿ: 'ಅಕ್ಕಾ, 840 ಇತ್ತು. ಇದು ಮುಗೀತು. ಇನ್ನ ಕೊಡೋದೇನೂ ಇಲ್ಲ.' ಅಷ್ಟೇ. 'ದೇವರು ನನಗೆ ಬಿಟ್ಟ, ಅದಕ್ಕೆ ನಿಮಗೆ ಬಿಟ್ಟೆ' ಅಂತ ಪ್ರಸಂಗ ಬೇಡ. ಯಾಕೆ ಬಿಟ್ರಿ ಅಂತ ಅವರೇ ಕೇಳಿದ್ರೆ ಒಂದು ಮಾತಲ್ಲಿ ಹೇಳಿ. ಕೇಳದವರಿಗೆ ಬೇಡ. ಭಾನುವಾರ ಬರ್ರಿ ಅನ್ನೋ ಮಾತನ್ನಂತೂ ಆ ದಿನ ಎತ್ತಲೇಬೇಡಿ. ಎತ್ತಿದ್ರೆ 840 ರೂಪಾಯಿಗೆ ಅವರನ್ನ ಕೊಂಡ ಹಾಗಾಗುತ್ತೆ, ಊರೂ ಹಾಗೇ ಅನ್ನುತ್ತೆ. ಆ ಮಾತಲ್ಲಿ ಸುಳ್ಳೂ ಇರಲ್ಲ.

ಸಭೆಯಲ್ಲಿ ಸಾಕ್ಷಿ ಹೇಳೋವಾಗ ಹೆಸರು ಬಿಟ್ಟು ಹೇಳ್ತೀನಿ ಅಂತೀರೇನೋ. ನಮ್ಮ ಹಳ್ಳಿಗಳಲ್ಲಿ 'ಒಬ್ಬ ವಿಧವೆ' ಅಂದ್ರೆ ಸಾಕು, ಯಾರು ಅಂತ ಹಿಂದಿನ ಸಾಲಲ್ಲಿ ಕೂತವರಿಗೂ ಗೊತ್ತಾಗುತ್ತೆ. ಹೇಳಲೇಬೇಡಿ.

ಎಲ್ಲಕ್ಕಿಂತ ಕೆಟ್ಟದ್ದು, ಬಿಟ್ಟ ಮೇಲೆ ಕೆಲಸಕ್ಕೆ ಕರೆಯೋದು. 'ಬಾಕಿ ಬಿಟ್ಟೀನಲ್ಲ, ಎರಡು ದಿನ ಗದ್ದಿ ಕಳೆ ತೆಗಿಯಾಕ ಬಾ' ಅನ್ನೋದು. ಸಾಲಕ್ಕೆ ದುಡಿಮೆ ಹಿಡಿದ್ರೆ ಅದಕ್ಕೆ ಜೀತ ಅಂತಾರೆ, 1976ರ ಕಾಯ್ದೆಯಲ್ಲಿ ಅದು ಅಪರಾಧ. ಕೆಲಸ ಬೇಕಾದ್ರೆ ಕರೆಯಿರಿ, ಅವತ್ತಿನ ಕೂಲಿ ಅವತ್ತೇ ಕೊಡಿ.

ಕುಡುಕರ ಮನೆ ಲೆಕ್ಕ ಬೇರೆ ಇಡಿ. ಅಕ್ಕಿ, ಜೋಳ, ಎಣ್ಣೆ, ಬೇಳೆ, ಉಪ್ಪು, ಸಾಬೂನು ಉದ್ರಿ ಕೊಡಿ, ಖಾತೆ ಹೆಂಡತಿ ಹೆಸರಲ್ಲಿರಲಿ. ಬೀಡಿ, ಗುಟ್ಕಾ, ಕೈಸಾಲ ಉದ್ರಿ ಇಲ್ಲ ಅಂತ ಗಂಡನಿಗೆ ಮೊದಲೇ ಹೇಳಿ. ಗೃಹಲಕ್ಷ್ಮಿ 2,000 ಬಂದ ದಿನ ಬಾಕಿಗೆ ಕಾದು ಕೂತು ಕೈಯಿಂದ ಇಸ್ಕೊಳ್ಳೋ ಅಂಗಡಿಗಳಿವೆ. ಅದು ಬೇಡ. ಅವಳೇ ತಂದು ಕೊಟ್ಟಷ್ಟನ್ನ ತಗೊಳ್ಳಿ.

ಕಾರಟಗಿ ಕಿರಾಣಿ:

ಪಗಾರದ ಮಾತು ಖರೇ ಐತಿ, ಇವತ್ತ ಸಂಜಿ ಕೊಡ್ತೀನಿ. ಡಬ್ಬಿ ವಿಚಾರಾನೂ ಹಿಡಿಸ್ತು.

ಇನ್ನೆರಡು ಕೇಳ್ತೀನಿ. ಮನಿಯಾಕಿ ಹೇಳೋದು, ಬಾಕಿ ಬಾಕಿನೇ ಇರಲಿ, ಬಡವರು ಬಂದಾಗ ಒಂದು ಹಿಡಿ ಕೊಸರು ಹೆಚ್ಚು ಹಾಕು, ಅದೇ ಕೃಪೆ ಅಂತ. ಲೂಕ 6:38 ತೋರಸ್ತಾಳ, ಜಡಿದು ಅಲ್ಲಾಡಿಸಿ ಹೊರಚೆಲ್ಲೋ ಅಳತೆ. ಅದು ಸಾಲದೇನು? ಮತ್ತ ಆ ಹಿರಿಯರ ವಿಷಯ. ಕೇಳಿದ್ರ ಸಭೆಯೊಳಗ ಎರಡು ಗುಂಪು ಆಗ್ತಾವ ಅನ್ನೋ ಅಂಜಿಕಿ.

ಎರೆಹೊಲ:

ನಿಮ್ಮ ಮನೆಯವರು ತೋರಿಸಿದ ವಚನ ಚೆನ್ನಾಗಿದೆ. ಸೇರಿಗೆ ಕಾಳು ಸುರಿದು, ತಟ್ಟಿ, ಅಲ್ಲಾಡಿಸಿ, ಮತ್ತೆ ಸುರಿದು, ಮೇಲೆ ಗೋಪುರ ನಿಂತು ಬದಿಗೆ ಜಾರುವಷ್ಟು ಅಳೆಯುವುದು ಸಂತೆಯ ಚಿತ್ರವೇ. ಆದರೆ ಕೊಸರು ಸಿಗುವುದು ಯಾರಿಗೆ? ರೊಕ್ಕ ಕೊಟ್ಟು ಕೊಂಡವರಿಗೆ. ಕಿಲೋಗೆ ಹಣ ಕೊಟ್ಟಿದ್ದಕ್ಕೆ ಮೇಲೊಂದು ಹಿಡಿ. ರೋಮಾಪುರದವರಿಗೆ 4:4ರಲ್ಲಿ ಪೌಲ ಇದನ್ನೇ ಬೇರೆ ಮಾಡುತ್ತಾನೆ: ದುಡಿದವನಿಗೆ ಸಿಗುವುದು ಕೂಲಿ, ಅದನ್ನು ಕೃಪೆ ಎಂದು ಎಣಿಸುವುದಿಲ್ಲ. ನಮ್ಮಲ್ಲಿ ಬಹಳ ಜನ ದೇವರ ಕೃಪೆಯನ್ನೂ ಕೊಸರಿನ ಹಾಗೇ ಅಂದುಕೊಂಡಿದ್ದಾರೆ. ನಾನು ನೆಟ್ಟಗೆ ಬದುಕಿ ಮುಕ್ಕಾಲು ಕಟ್ಟಿದ್ದೇನೆ, ಮೇಲಿನ ಹಿಡಿ ಅವನು ಹಾಕಿದ ಅಂತ. ಸಾಮ್ಯದ ಆಳು 2,400 ಕೋಟಿಯಲ್ಲಿ ಒಂದು ರೂಪಾಯಿಯನ್ನೂ ಕಟ್ಟಿರಲಿಲ್ಲ. ಕೊಸರು ಹಾಕಿರಿ, ಅದು ಔದಾರ್ಯ. ಮನ್ನಾದ ಜಾಗಕ್ಕೆ ಅದು ಬರುವುದಿಲ್ಲ.

ಹಿರಿಯರ ವಿಷಯ. ಒಬ್ಬರೇ ಹೋಗಿ, ಅವರ ಮನೆಗೇ, ಭಾನುವಾರ ಬಿಟ್ಟು ಬೇರೆ ದಿನ. ಕೈಯಲ್ಲಿ ತಾರೀಖುವಾರು ಬರೆದ ಚೀಟಿ ಇರಲಿ. 'ಇದು ಇಷ್ಟು ಇದೆ, ಯಾವಾಗ ಕೊಡ್ತೀರಿ' ಎಂದು ಕೇಳಿ, ತಾರೀಖು ಅವರ ಬಾಯಿಂದಲೇ ಬರಲಿ. ಅವರಿಗೂ ಒಳಗೆ ಕಷ್ಟ ಇರಬಹುದು. ದೊಡ್ಡ ಮನೆಯ ಕಷ್ಟ ಹೊರಗೆ ಕಾಣುವುದಿಲ್ಲ. ಇದ್ದರೆ ಅವರ ಹೆಸರು ಐದರ ಪಟ್ಟಿಯಿಂದ 32ರ ಪಟ್ಟಿಗೆ ಬರುತ್ತದೆ, ಬಂತು ಅಂತ ಯಾರಿಗೂ ಹೇಳಬೇಕಾಗಿಲ್ಲ. ಕಷ್ಟವಿಲ್ಲ, ಕೊಡುವುದೂ ಇಲ್ಲ ಎಂದರೆ ಇಬ್ಬರನ್ನು ಕರೆದುಕೊಂಡು ಇನ್ನೊಮ್ಮೆ. ಆಮೇಲೂ ಇಲ್ಲವೆಂದರೆ ಅವರಿಗೆ ಉದ್ರಿ ನಿಲ್ಲಿಸಿ, ನಗದಿಗೆ ಕೊಡುತ್ತಾ ಇರಿ, ಮುಖ ಗಂಟಿಕ್ಕಬೇಡಿ. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುವುದಕ್ಕಿಂತ ನಷ್ಟ ತಡೆದುಕೊಳ್ಳುವುದು ಮೇಲು ಎನ್ನುತ್ತಾನೆ ಪೌಲ (1 ಕೊರಿಂಥ 6:7). ಕೇಳಲೇಬೇಡಿ ಎಂದು ಅವನು ಹೇಳಿಲ್ಲ.

ಸಭೆಯ ಬಡವರ ಕಾಣಿಕೆ ಪೆಟ್ಟಿಗೆ ಇದ್ದರೆ ಇನ್ನೊಂದು ದಾರಿಯೂ ಇದೆ. ಫಿಲೆಮೋನನಿಗೆ ಬರೆದ ಪತ್ರದ 18-19ರಲ್ಲಿ ಪೌಲ ಓಡಿಹೋದ ದಾಸನ ಪರವಾಗಿ 'ಅವನ ಬಾಕಿ ನನ್ನ ಲೆಕ್ಕಕ್ಕೆ ಬರಿ, ನಾನೇ ತೀರಿಸುತ್ತೇನೆ' ಎಂದು ಸ್ವಂತ ಕೈಯಿಂದ ಬರೆದಿದ್ದಾನೆ. ಮೂರನೆಯವರು ಕಟ್ಟಬಹುದು. ಒಬ್ಬ ಅಂಗಡಿಯವನೇ ಎಲ್ಲ ಹೊರಬೇಕೆಂದು ಎಲ್ಲೂ ಇಲ್ಲ.

ತಕ್ಕಡಿ ರಾಯಚೂರು:

ಕೊಸರಿನ ಮಾತು ಬಂತಲ್ಲ, ಅದಕ್ಕ ಬಾಯಿ ಹಾಕ್ತೀನಿ. ಕೊಸರು ಹಾಕೋಕ ಮುಂಚೆ ತೂಕ ಸರಿ ಅದನೋ ಇಲ್ಲೋ ನೋಡ್ರಿ.

ಪ್ಲಾಸ್ಟಿಕ್ ಡಬ್ಬಿ ಅಥವಾ ಕಾಗದದ ಪೊಟ್ಟಣ ಸಮೇತ ತೂಗಿದ್ರ ಒಂದಕ್ಕ 10 ಗ್ರಾಂ ಗಿರಾಕಿಗೆ ಕಮ್ಮಿ ಹೋಗ್ತದ ಅಂತ ಹಿಡೀರಿ. ದಿನಕ್ಕ 50 ಪೊಟ್ಟಣ, ಅರ್ಧ ಕಿಲೋ. ಕಿಲೋಕ್ಕ ಸರಾಸರಿ 60 ರೂಪಾಯಿ ಅಂದ್ರ ದಿನಕ್ಕ 30, ವರ್ಷದಾಗ 300 ದಿನಕ್ಕ 9,000. ಗುಳೆ ಹೋದ ಆರು ಮನಿಯವರ ಬಾಕಿ ಎಷ್ಟಂದ್ರಿ? 9,800. ಈ ಕಡಿ ಬಿಟ್ಟದ್ದು ಆ ಕಡಿಯಿಂದ ಬಂದಿರ್ತದ, ಅದೂ ಅದೇ ಕೂಲಿ ಮಂದಿಯಿಂದ.

ಎಲೆಕ್ಟ್ರಾನಿಕ್ ತಕ್ಕಡಿಗೆ ತೂಕ-ಅಳತೆ ಇಲಾಖೆ ಮುದ್ರೆ ವರ್ಷಕ್ಕೊಮ್ಮೆ ಹಾಕಸ್ಬೇಕು. ಅದು ಬಿಟ್ಟು ವಾರಕ್ಕೊಮ್ಮೆ ನೀವೇ ನೋಡೋದು ಹಿಂಗ: ಮುದ್ರೆ ಇರೋ 1 ಕಿಲೋ ಕಲ್ಲು ತಟ್ಟೆ ನಡುವ ಇಡ್ರಿ, ಆಮ್ಯಾಲ ನಾಲ್ಕೂ ಮೂಲಿಗೆ. ಐದೂ ಕಡಿ ಒಂದೇ ಅಂಕಿ ಬರಬೇಕು. ಬ್ಯಾರೆ ಬಂದ್ರ ತಟ್ಟೆ ಕೆಳಗ ಬೆಲ್ಲದ ಅಂಟು ಇಲ್ಲಾ ಕಾಳು ಸಿಕ್ಕಿರ್ತದ, ಇಲ್ಲಾ ಮಟ್ಟ ತೋರಿಸೋ ನೀರುಗುಳ್ಳೆ ನಡುವ ಇರಂಗಿಲ್ಲ. ಫ್ಯಾನ್ ಗಾಳಿಗೂ ಅಂಕಿ ಕುಣೀತದ. ಪೊಟ್ಟಣ ಮೊದಲ ಇಟ್ಟು ಸೊನ್ನೆ ಮಾಡಿ ಆಮ್ಯಾಲ ಕಾಳು ಹಾಕ್ರಿ. 30 ಕಿಲೋ ತಕ್ಕಡಿಯ ಫಲಕದ ಮ್ಯಾಲ 'e' (ತಕ್ಕಡಿಯ ಅಳತೆ ಹೆಜ್ಜೆ) 5 ಗ್ರಾಂ ಅಂತ ಬರೆದಿದ್ರ, ಅದರಾಗ ತೂಗಬಹುದಾದ ಕನಿಷ್ಠ ತೂಕ 100 ಗ್ರಾಂ. ಅದರಾಗ 50 ಗ್ರಾಂ ಜೀರಿಗಿ ತೂಗಿದ್ರ ಅಂಕಿ ನಂಬಂಗಿಲ್ಲ. ಜೀರಿಗಿ, ಯಾಲಕ್ಕಿಗೆ ಸಣ್ಣ ತಕ್ಕಡಿ ಬ್ಯಾರೆ ಇರಬೇಕು.

ಹಿಂದ ತಪ್ಪಿದ್ದಕ್ಕ ಏನು ಮಾಡೋದು? ಲೂಕ 19ರಾಗ ಸುಂಕದವ ಜಕ್ಕಾಯ ನಾಲ್ಕು ಪಟ್ಟು ಕೊಡ್ತೀನಿ ಅಂದ, ಅರಣ್ಯಕಾಂಡ 5:7 ಅಸಲಿನ ಮ್ಯಾಲ ಐದನೇ ಒಂದು ಪಾಲು ಕೂಡಿಸು ಅಂತದ. ಯಾರಿಗೆ ಎಷ್ಟು ಹೋತು ಅಂತ ಹುಡುಕೋದು ಆಗದ ಮಾತು. ವರ್ಷ ತಪ್ಪು ತೂಗಿದ್ರ, ಮುಂದಿನ ವರ್ಷ ಪೂರ್ತಿ ಪೊಟ್ಟಣಕ್ಕ 12 ಗ್ರಾಂ ಹೆಚ್ಚು ಹಾಕ್ರಿ, 10 ಅಸಲು, 2 ಐದನೇ ಪಾಲು. ಗಿರಾಕಿ ಅದನ್ನ ಕೊಸರು ಅಂದ್ಕೋತಾನ. ನೀವು ಹಂಗ ಅಂದ್ಕೋಬ್ಯಾಡ್ರಿ, ಅದು ನೀವು ತೀರಸೋ ಬಾಕಿ.

ಉದ್ರಿಗೆ ಒಂದು ರೇಟು, ನಗದಿಗೆ ಒಂದು ರೇಟು ಇಟ್ಟಿದ್ರ ಅದನ್ನೂ ತಗೀರಿ. ಸಕ್ಕರಿ ಕಿಲೋಕ್ಕ 2 ರೂಪಾಯಿ ಹೆಚ್ಚು ಅಂದ್ರ ಅದು ಬಡ್ಡಿನೇ, ಹೆಸರು ಮಾತ್ರ ಬ್ಯಾರೆ. ಯಾಜಕಕಾಂಡ 25:37 ಬಡವಗ ಬಡ್ಡಿಗೆ ರೊಕ್ಕ ಕೊಡಬ್ಯಾಡ, ಲಾಭಕ್ಕ ಆಹಾರ ಕೊಡಬ್ಯಾಡ ಅಂತ ಎರಡನ್ನೂ ಒಂದೇ ಉಸಿರಿನಾಗ ಹೇಳ್ತದ.

ಸಿಂಧನೂರು ಲೆಕ್ಕ:

ತಕ್ಕಡಿಯವರು ಹೇಳಿದ್ದು ನನಗ ಹೊಳೀಲೇ ಇಲ್ಲ. ಮನ್ನಾ ಡಬ್ಬಿಗಿಂತ ಮೊದಲ ಅದು ಆಗಬೇಕು, ಪಗಾರ ಆದ ಮ್ಯಾಲ ತೂಕ.

ಗುಳೆ ಹೋದ ಆರು ಮನಿ ಬಗ್ಗೆ. ಈಗೇನೂ ಮಾಡಬ್ಯಾಡ್ರಿ. ಯುಗಾದಿಗೋ ಊರ ಜಾತ್ರಿಗೋ ಬರ್ತಾರ. ಬಂದಾಗ ಮನಿ ಮಂದಿ ಮುಂದ ಅಲ್ಲದೆ ಒಬ್ಬರನ್ನ ಕೇಳಿ ನೋಡ್ರಿ, ಕೊಟ್ರ ತಗೋರಿ, ಆಗಲ್ಲ ಅಂದ್ರ ಡಬ್ಬಿ ಅದ. ಸತ್ತವರ ಖಾತೆ ಇದ್ರ ಮಣ್ಣಾದ ಮನಿಗೆ ಚೀಟಿ ಹಿಡಕೊಂಡು ಹೋಗಬ್ಯಾಡ್ರಿ. ಕಾನೂನಿನಾಗೂ ಮಕ್ಕಳು ಹೊಣೆ ಆಗೋದು ಸತ್ತವರು ಬಿಟ್ಟುಹೋದ ಆಸ್ತಿಯಷ್ಟಕ್ಕ ಮಾತ್ರ. ಉದ್ರಿ ಸರಕಿನ ಬಾಕಿಗೆ ದಾವೆ ಹಾಕೋ ಅವಧಿ ಮೂರು ವರ್ಷ. ಮೂರು ವರ್ಷ ಆತು, ಇನ್ನ ಕೇಳಂಗಿಲ್ಲ ಅಂತ ಸುಮ್ಮನಾಗಿ, ಅದನ್ನ ಕ್ಷಮೆ ಅಂತ ಎಣಿಸ್ಕೋಬ್ಯಾಡ್ರಿ. ಅವಧಿ ಮುಗಿದಿರ್ತದ, ನೀವೇನೂ ಬಿಟ್ಟಿರಂಗಿಲ್ಲ.

ಬಿಟ್ಟ ಮ್ಯಾಲ ಮತ್ತ ಉದ್ರಿ ಕೇಳಾಕ ಬಂದ್ರ ಕೊಡ್ರಿ, ಹೊಸ ಪುಟದಾಗ, ಸೊನ್ನೆಯಿಂದ. ಹಳೇದನ್ನ ನೆನಪು ಮಾಡಂಗಿಲ್ಲ, ಆದ್ರ ಮಿತಿ ಇರಲಿ: ಆ ಮನಿಗೆ ಒಂದು ವಾರದಾಗ ಬರೋ ಕೂಲಿಗಿಂತ ಹೆಚ್ಚು ಆಗಬಾರದು. ಇಬ್ಬರು ದುಡಿಯೋ ಮನಿ, ವಾರಕ್ಕ ನಾಲ್ಕು ದಿನ ಕೆಲಸ ಅಂದ್ರ 3,200. ಅದರ ಅರ್ಧಕ್ಕ ನಿಲ್ಸಿದ್ರ ಇನ್ನೂ ಒಳ್ಳೇದು, ಯಾಕಂದ್ರ ತೀರಿಸೋ ವಾರವೂ ಉಣ್ಣಬೇಕಲ್ಲ. ಗಿರಾಕಿ ಕೈಯಾಗ ಒಂದು ಸಣ್ಣ ಪುಸ್ತಕ ಕೊಡ್ರಿ, ನಿಮ್ಮ ಖಾತೆಯೊಳಗ ಬರೆದದ್ದನ್ನೇ ಅದರಾಗೂ ಬರೀರಿ, ಓದಾಕ ಬರದವರಿಗೆ ಓದಿ ಹೇಳ್ರಿ. 'ನಾ ಅಷ್ಟು ಒಯ್ದಿಲ್ಲ' ಅನ್ನೋ ಜಗಳ ಅಲ್ಲಿಗೆ ನಿಲ್ತದ.

ಇದೆಲ್ಲಾ ಇಟ್ಕೊಂಡ್ರೂ ಕಾಲುವಿ ಕೈಕೊಟ್ರ ಲೆಕ್ಕ ತಪ್ಪತದ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಇಡೀ ಎಡದಂಡೆ ಕಾಲುವಿ ಸೀಮಿ ಉಸಿರು ಹಿಡಿದು ಕೂತಿತ್ತು. ಎರಡನೇ ಬೆಳಿಗೆ ನೀರಿಲ್ಲ ಅಂದ್ರ ನಾಟಿ ಇಲ್ಲ, ಕಳೆ ಇಲ್ಲ, ಕೂಲಿ ಇಲ್ಲ. ಅಂಥ ವರ್ಷ 32 ಖಾತೆ 60 ಆಗ್ತಾವ. ಅಂಥ ವರ್ಷಕ್ಕೂ ಡಬ್ಬಿಯೊಳಗ ರೊಕ್ಕ ಇರಬೇಕು ಅಂದ್ರ ಈಗಿನ 1,500 ಪೂರ್ತಿ ಖರ್ಚು ಮಾಡದೆ ತಿಂಗಳಿಗೆ 300 ಉಳಸ್ರಿ.

ಕೋಟೆ ಕೆಳಗಿನ ಅಕ್ಕ (ಬಳ್ಳಾರಿ):

ಒಂದು ಮಾತು ಬಿಟ್ಟಿದ್ದೆ. ಬಾಕಿ ಬಿಟ್ಟವರಲ್ಲಿ ಕೆಲವರು ಮಾರನೇ ದಿನದಿಂದ ನಿಮ್ಮ ಅಂಗಡಿಗೆ ಬರೋದೇ ನಿಲ್ಲಿಸ್ತಾರೆ, ಆ ಕಡೆ ಓಣಿ ಹಾದು ಬೇರೆ ಅಂಗಡಿಗೆ ಹೋಗ್ತಾರೆ. ಉಪಕಾರ ಮರೆತರು ಅಂತ ತಿಳಿಬೇಡಿ. ನಾಚಿಕೆ ಅದು. ಕೊಡಬೇಕಾದಾಗ ಬಂದು ನಿಲ್ಲೋಕೆ ಇದ್ದ ಧೈರ್ಯ, ಬಿಟ್ಟ ಮೇಲೆ ಇರಲ್ಲ. ಎದುರು ಸಿಕ್ಕಾಗ 'ಹೊಸ ಶೇಂಗಾ ಬಂದೈತಿ, ನೋಡಿ ಹೋಗು' ಅಂತ ನೀವೇ ಕರೆಯಿರಿ, ಬಾಕಿ ಮಾತು ಬೇಡ. ಹತ್ತು ರೂಪಾಯಿ ನಗದು ವ್ಯಾಪಾರ ಒಮ್ಮೆ ನಡೆದ್ರೆ ಸಾಕು, ಆಮೇಲೆ ಬರ್ತಾರೆ.

ಕಾರಟಗಿ ಕಿರಾಣಿ:

ಎಲ್ಲರಿಗೂ ವಂದನೆ. ಪೊಟ್ಟಣ ತೂಗಿ ನೋಡಿದೆ, ಕಾಗದದ್ದು 9 ಗ್ರಾಂ ಐತಿ. ಕಡೀ ಪ್ರಶ್ನೆ: ಬಿಟ್ಟ ಖಾತೆ ಹಾಳಿ ಹರಿದು ಒಗೀಬೇಕಾ? ಕೊಲೊಸ್ಸೆ 2:14ರಾಗ ನಮ್ಮ ಮೇಲಿದ್ದ ಪತ್ರ ಅಳಿಸಿ ಹಾಕಿ ಶಿಲುಬೆಗೆ ಜಡಿದ ಅಂತ ಐತಲ್ಲ.

ಎರೆಹೊಲ:

ಅಲ್ಲಿರುವ ಪದ ಸಾಲಗಾರ ತನ್ನ ಕೈಯಾರೆ ಬರೆದುಕೊಟ್ಟ ಸಾಲಪತ್ರಕ್ಕೆ ಬಳಸುವ ಪದ. ಅಳಿಸುವುದಕ್ಕೆ ಇರುವ ಕ್ರಿಯಾಪದ ಒರೆಸಿ ತೆಗೆಯುವುದು. ಅಲ್ಲಿ ಹರಿಯುವ ಮಾತಿಲ್ಲ. ಆ ಪುಟದ ಮೇಲೆ ಅಡ್ಡಗೆರೆ ಎಳೆದು, ಕೆಳಗೆ 'ಜಮಾ, ಪೂರ್ತಿ' ಎಂದು ತಾರೀಖು ಹಾಕಿ. 'ಮನ್ನಾ' ಎಂದು ಬರೆಯಬೇಡಿ, ನಾಳೆ ನಿಮ್ಮ ಮಗ ಅಂಗಡಿಯಲ್ಲಿ ಕೂತಾಗ ಓದುತ್ತಾನೆ. ಡಬ್ಬಿಯಿಂದ ರೊಕ್ಕ ಹಾಕಿದ್ದೀರಲ್ಲ, ಹಾಗಾಗಿ ಜಮಾ ಎನ್ನುವುದು ಸುಳ್ಳೂ ಅಲ್ಲ.

ಸಿಂಧನೂರು ಲೆಕ್ಕ:

ಹರಿಬ್ಯಾಡ್ರಿ ಅಣ್ಣಾರ. ಆ ಹಾಳಿ ಹಿಂದ ಇನ್ನೊಬ್ಬರ ಖಾತೆ ಇರ್ತದ.